ಗ್ಯಾರೇಜ್ ಕಟ್ಟೆ: ಹಳೇ ಜೀಪಿಗೆ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು 1994ರ ಮಹೀಂದ್ರ ಎಂಎಂ 540. ಡೀಸೆಲ್, ಫೋರ್ ವೀಲ್ ಡ್ರೈವ್. ಅಪ್ಪ ತಗೊಂಡಿದ್ದು, ಮಾರಲು ಮನಸ್ಸಿಲ್ಲ. ತೋಟದೊಳಗೆ ಕಾಫಿ ಚೀಲ ಹೇರಿ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಮಂಗಳೂರಿಗೆ ಹೋಗಿ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಎರಡು ಕಡೆ ನಿಲ್ಲಿಸಲೇಬೇಕು. ನಮ್ಮೂರ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ, ಆದರೂ ಅಷ್ಟೇ. ಮಗ ಆನ್‌ಲೈನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ನೋಡಿದ್ದಾನೆ. ಮೂರು ಸಾಲು ಟ್ಯೂಬ್, ಟ್ಯಾಂಕಿಗೆಲ್ಲ ವೆಲ್ಡಿಂಗ್, ಕನ್ನಡಿ ಥರ ಹೊಳೆಯುತ್ತದೆ. ಹಾಕಿಸಿದರೆ ಕಾಟ ತಪ್ಪುತ್ತದಾ?
— ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಹಾಕಿಸಬಹುದು. ಆದರೆ ದುಡ್ಡು ಕಳಿಸುವ ಮೊದಲು ಒಂದು ಭಾನುವಾರ ನನಗೆ ಕೊಡಿ.

ನಿಮ್ಮ ಜೀಪಿನ ಇಂಜಿನ್ ಪ್ಯೂಜೋ ವಿನ್ಯಾಸದ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ ಅಂದರೆ ಸಿಲಿಂಡರಿನ ಒಳವ್ಯಾಸ, ಅದಕ್ಕೇ ಆ ಹೆಸರು. 2112 ಸಿಸಿ, 62 ಅಶ್ವಶಕ್ತಿ. ಇದು ಇನ್‌ಡೈರೆಕ್ಟ್ ಇಂಜೆಕ್ಷನ್ ಇಂಜಿನ್. ಡೀಸೆಲ್ ಮೊದಲು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಉರಿದು ಆಮೇಲೆ ಸಿಲಿಂಡರಿಗೆ ಬರುತ್ತದೆ. ಸದ್ದು ಮೆದು, ಆದರೆ ಹೆಡ್ಡಿನ ನೀರಿಗೆ ಶಾಖ ಜಾಸ್ತಿ ಬಿಡುತ್ತದೆ. ಹಾಗಂತ ಈ ಇಂಜಿನ್ ಹುಟ್ಟಿನಿಂದಲೇ ಕುದಿಯುವ ಜಾತಿ ಅಂತಲ್ಲ. 1994ರಲ್ಲಿ ನಿಮ್ಮಪ್ಪ ಇದೇ ಜೀಪಿನಲ್ಲಿ ಇದೇ ಘಾಟಿ ಹತ್ತಿದ್ದಾರೆ ಅಲ್ವಾ? ಆಗ ನಿಲ್ಲಿಸುತ್ತಿದ್ದರಾ, ಮನೆಯಲ್ಲಿ ಕೇಳಿ ನೋಡಿ. ನಿಲ್ಲಿಸುತ್ತಿರಲಿಲ್ಲ ಅಂದರೆ, ಕಂಪನಿ ಕೊಟ್ಟ ರೇಡಿಯೇಟರ್ ಆ ಇಂಜಿನಿಗೆ ಸಾಕಾಗಿತ್ತು. ನಡುವೆ ಏನೋ ಕೆಟ್ಟಿದೆ. ಅದನ್ನು ಹುಡುಕದೆ ಹೊಸದು ಹಾಕಿದರೆ ಆರು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ನನಗೆ ಇನ್ನೊಂದು ಪತ್ರ ಬರುತ್ತದೆ.

ಮೊದಲು ಆ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ಕವಾಟ, ವಾಪಸ್ ಹಾಕಿಸಿ. ಮಲೆನಾಡಿನ ಅರ್ಧ ಜೀಪುಗಳಲ್ಲಿ ಅದು ಇರುವುದೇ ಇಲ್ಲ. ಕಿತ್ತರೆ ನೀರು ಸರಾಗವಾಗಿ ಓಡುತ್ತದೆ ಅನ್ನೋದು ನಂಬಿಕೆ. ಬೈಪಾಸ್ ದಾರಿ ಇರುವ ಇಂಜಿನಿನಲ್ಲಿ ಆಗುವುದೇ ಬೇರೆ. ಬಿಸಿಯಾದಾಗ ಆ ಅಡ್ಡದಾರಿ ಮುಚ್ಚುವುದು ಥರ್ಮೋಸ್ಟಾಟ್. ಅದೇ ಇಲ್ಲ ಅಂದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ಇಂಜಿನಿನೊಳಗೇ ಸುತ್ತುತ್ತದೆ. ಬೆಳಗಿನ ಚಳಿಯಲ್ಲಿ ಇಂಜಿನ್ ಬೇಗ ಬಿಸಿಯೂ ಆಗುವುದಿಲ್ಲ, ಬಿಳಿ ಹೊಗೆ, ಡೀಸೆಲ್ ಖರ್ಚು. ಹೊಸ ಥರ್ಮೋಸ್ಟಾಟನ್ನು ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಹಚ್ಚಿ. 82 ಅಂತ ಬರೆದಿದ್ದರೆ ಆ ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಬೇಕು. ಕೂರಿಸುವಾಗ ಅದರ ಅಂಚಿನ ಸಣ್ಣ ತೂತು ಮೇಲ್ಗಡೆ ಬರಲಿ, ಸಿಕ್ಕಿಬಿದ್ದ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು.

ಆಮೇಲೆ ರೇಡಿಯೇಟರಿನ ಕ್ಯಾಪ್. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಬಿಚ್ಚಿ, ತಿರುಗಿಸಿ ರಬ್ಬರ್ ನೋಡಿ. ಗಟ್ಟಿಯಾಗಿ ಚೂರುಚೂರು ಬಿಟ್ಟಿದ್ದರೆ ಬಿಸಾಕಿ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಿಮ್ಮ ಮೂಡಿಗೆರೆ ಸಾವಿರ ಮೀಟರ್ ಆಸುಪಾಸು ಎತ್ತರದಲ್ಲಿದೆ, ಅಲ್ಲಿ ಸುಮಾರು 97ಕ್ಕೇ ಕುದಿ. ಮುಳ್ಳಯ್ಯನಗಿರಿಯ ಮೇಲೆ 94ರ ಆಸುಪಾಸು. ಕ್ಯಾಪ್ ಒತ್ತಡ ಹಿಡಿದಿಟ್ಟರೆ, ಒತ್ತಡದ ಅಳತೆಯಾದ ಒಂದೊಂದು ಪಿಎಸ್‌ಐಗೆ ಒಂದೂವರೆ ಡಿಗ್ರಿಯಷ್ಟು ಕುದಿ ಮುಂದೆ ಹೋಗುತ್ತದೆ. 7 ಪಿಎಸ್‌ಐ ಕ್ಯಾಪ್ ಅಂದರೆ ಹತ್ತು ಡಿಗ್ರಿ ಲಾಭ. ಸವೆದ ಕ್ಯಾಪ್ ಇಟ್ಟುಕೊಂಡು ಘಾಟಿ ಹತ್ತುವುದು, ಮುಚ್ಚಳ ಸಡಿಲವಾದ ಕುಕ್ಕರಿನಲ್ಲಿ ಬೇಳೆ ಬೇಯಿಸಿದ ಹಾಗೆ.

ಈಗ ರೇಡಿಯೇಟರ್ ಹತ್ತಿರ ಬನ್ನಿ. ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಕೋರಿನ, ಅಂದರೆ ಟ್ಯೂಬು-ರೆಕ್ಕೆ ಇರುವ ನಡುಭಾಗದ, ಮುಂದುಗಡೆ ಅಂಗೈ ಆಡಿಸಿ. ಫ್ಯಾನಿನ ಕಡೆಯಿಂದಲ್ಲ, ಗ್ರಿಲ್ ಕಡೆಯಿಂದ. ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗಿದೆ ಅಂದರೆ ಆ ತಣ್ಣಗಿನ ಟ್ಯೂಬುಗಳು ಮುಚ್ಚಿವೆ. ಹಳೇ ತಾಮ್ರದ ಕೋರಿನಲ್ಲಿ ಬೆಸುಗೆಯ ಸೀಸ ಕೊಳೆತು ಟ್ಯೂಬಿನ ಬಾಯಿಗೆ ಹಸಿರು ಮಿಶ್ರಿತ ಬಿಳಿ ಕಿಲುಬು ಕಟ್ಟುತ್ತದೆ. ಕ್ಯಾಪ್ ತೆಗೆದು ಟಾರ್ಚ್ ಬಿಟ್ಟರೆ ಕಾಣುತ್ತದೆ. ಹೊರಗಡೆ ಇನ್ನೂ ಸುಲಭ. ಇಂಜಿನ್ ಓಡುತ್ತಿರುವಾಗ ಒಂದು ಹಾಳೆ ನ್ಯೂಸ್‌ಪೇಪರನ್ನು ಗ್ರಿಲ್ಲಿನ ಮುಂದೆ ಹಿಡಿಯಿರಿ. ಫಕ್ಕನೆ ಎಳೆದು ಅಂಟಿಸಿಕೊಳ್ಳಬೇಕು. ಜಾರಿ ಬಿದ್ದರೆ ಗಾಳಿ ಬರುತ್ತಿಲ್ಲ. ಬೆಲ್ಟ್ ಸಡಿಲ ಇರಬಹುದು, ಶ್ರೌಡ್ ಅಂದರೆ ಫ್ಯಾನಿನ ಸುತ್ತಲಿನ ಡಬ್ಬಿ ಇಲ್ಲದಿರಬಹುದು, ರೆಕ್ಕೆ ಸಂದಿಯಲ್ಲಿ ಮಣ್ಣು ತುಂಬಿರಬಹುದು. ಹೋದ ವರ್ಷ ಒಂದು ತೋಟದ ಜೀಪು ಬಂತು. ಕೋರ್ ಇಳಿಸಿ ಇಂಜಿನ್ ಕಡೆಯಿಂದ ನೀರು ಬಿಟ್ಟೆ. ಹುಲ್ಲಿನ ಬೀಜ, ಮಿಡತೆ, ಕೆಂಪು ಕೆಸರು ಸೇರಿ ಅರ್ಧ ಬಕೆಟ್. ಆ ಜೀಪಿಗೂ ಅವರು ಹೊಸ ರೇಡಿಯೇಟರ್ ಬುಕ್ ಮಾಡಿಬಿಟ್ಟಿದ್ದರು! ತೊಳೆದು ಕಳಿಸಿದೆ, ಇವತ್ತಿಗೂ ಓಡುತ್ತಿದೆ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿಯಬೇಡಿ, ರೆಕ್ಕೆ ಮಡಚಿಕೊಳ್ಳುತ್ತದೆ. ತೋಟದ ಪೈಪ್ ಸಾಕು.

ಜೀಪಿನ ಮುಂದೆ ಏನೇನು ಕಟ್ಟಿದ್ದೀರಿ ಅಂತ ಬರೆದಿಲ್ಲ. ದಪ್ಪ ಕಬ್ಬಿಣದ ಗಾರ್ಡ್, ನಾಲ್ಕು ಫಾಗ್ ಲೈಟ್, ಅಗಲದ ಬೋರ್ಡ್ ಇದ್ದರೆ ಅವೂ ಗಾಳಿ ಕದಿಯುತ್ತವೆ. ಕ್ರ್ಯಾಶ್ ಗಾರ್ಡ್ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ತೆಗೆದರೆ ದಂಡವೂ ಉಳಿಯಿತು, ಶಾಖವೂ ಇಳಿಯಿತು.

ಕೊನೆಗೆ ಒಂದು ಕೆಟ್ಟ ಸಾಧ್ಯತೆ. ತಣ್ಣನೆ ಇಂಜಿನ್, ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಡೀಸೆಲ್ ಹೊಗೆಯ ವಾಸನೆ ಬಂದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಗ ಚಿನ್ನದ ರೇಡಿಯೇಟರ್ ಹಾಕಿದರೂ ಕುದಿಯುತ್ತದೆ.

ಇಷ್ಟೆಲ್ಲ ನೋಡಿ, ಕೋರೇ ಸತ್ತಿದೆ ಅಂತ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಆಗ ಅಲ್ಯೂಮಿನಿಯಮ್ಮಾ, ತಾಮ್ರವಾ?

ಅಲ್ಯೂಮಿನಿಯಂ ಬೇಗ ತಣ್ಣಗೆ ಮಾಡುತ್ತದೆ ಅಂತ ಮಾರುವವರು ಹೇಳುತ್ತಾರೆ. ಲೋಹದ ಲೆಕ್ಕದಲ್ಲಿ ಅದು ತಲೆಕೆಳಗು. ಶಾಖ ದಾಟಿಸುವುದರಲ್ಲಿ ತಾಮ್ರದ ಅಂಕೆ 400ರ ಹತ್ತಿರ, ಅಲ್ಯೂಮಿನಿಯಮ್ಮಿನದು 240ರೊಳಗೆ. ನಮ್ಮ ಬಚ್ಚಲ ಹಂಡೆ ಸುಮ್ನೆ ತಾಮ್ರದ್ದಾಗಿಲ್ಲ. ಆದರೆ ಹಳೇ ರೇಡಿಯೇಟರಿನಲ್ಲಿ ತಾಮ್ರ ಇರುವುದು ರೆಕ್ಕೆಗಳಲ್ಲಿ ಮಾತ್ರ. ಟ್ಯೂಬು ಹಿತ್ತಾಳೆ, ಎರಡನ್ನೂ ಹಿಡಿದಿರುವುದು ಸೀಸ-ತವರದ ಬೆಸುಗೆ. ಹಿತ್ತಾಳೆಯೂ ಬೆಸುಗೆಯೂ ಶಾಖ ದಾಟಿಸುವುದರಲ್ಲಿ ಅಲ್ಯೂಮಿನಿಯಮ್ಮಿಗಿಂತ ಹಿಂದೆ. ಅಲ್ಯೂಮಿನಿಯಂ ಕೋರಿನಲ್ಲಿ ಟ್ಯೂಬು, ರೆಕ್ಕೆ ಎಲ್ಲ ಒಂದೇ ಜಾತಿ, ಕುಲುಮೆಯಲ್ಲಿ ಒಟ್ಟಿಗೆ ಬೆಸೆದದ್ದು. ಲೋಹ ಗಟ್ಟಿ ಮತ್ತು ಹಗುರ ಆದ್ದರಿಂದ ಟ್ಯೂಬನ್ನು ಅಗಲ ಮಾಡಬಹುದು. ಅಗಲದ ಟ್ಯೂಬು ರೆಕ್ಕೆಯನ್ನು ಜಾಸ್ತಿ ಮುಟ್ಟುತ್ತದೆ. ಗೆಲ್ಲುವುದು ಅಲ್ಲಿ. ಹಾಗಾಗಿ ಒಳ್ಳೇ ಅಲ್ಯೂಮಿನಿಯಂ ಕೋರ್ ನಿಜಕ್ಕೂ ಒಳ್ಳೇದು, ಮಾಡಿದ ಕೈ ಚೆನ್ನಾಗಿದ್ದರೆ.

ನನ್ನ ಕಥೆ ಕೇಳಿ. 2015ರಲ್ಲಿ ನನ್ನ ಸ್ವಂತ ಜೀಪಿಗೆ ಒಂದು ಹಾಕಿದೆ. ಹೊಳಪು ನೋಡಿ ಮರುಳಾಗಿದ್ದೆ, ಒಪ್ಪಿಕೊಳ್ಳುತ್ತೇನೆ. ಬ್ರಾಕೆಟ್ಟಿನ ತೂತುಗಳು ಅರ್ಧ ಇಂಚು ಆಚೀಚೆ ಇದ್ದವು. ಎಳೆದು, ಬಗ್ಗಿಸಿ, ನಾಲ್ಕು ಬೋಲ್ಟ್ ನೇರವಾಗಿ ಫ್ರೇಮಿಗೆ ಬಿಗಿದೆ. ರಬ್ಬರ್ ಹಾಕಲಿಲ್ಲ. ಘಾಟಿಯಲ್ಲಿ ಮುಳ್ಳು ಅಲುಗಲಿಲ್ಲ, ಹನ್ನೊಂದು ತಿಂಗಳು ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಸಂಜೆ ಬಿಸ್ಲೆ ಕಡೆ ಹೋಗಿದ್ದೆ. ಜೀಪಿನ ಚಾಸಿ ಅಂದರೆ ಏಣಿ. ಒಂದು ಚಕ್ರ ಗುಂಡಿಗೆ ಇಳಿದರೆ ಇಡೀ ಏಣಿ ತಿರುಚುತ್ತದೆ. ಬಿಗಿದಿಟ್ಟ ರೇಡಿಯೇಟರೂ ಅದರ ಜೊತೆ ತಿರುಚಬೇಕು. ತಾಮ್ರ-ಹಿತ್ತಾಳೆ ಸ್ವಲ್ಪ ಬಾಗುತ್ತದೆ, ಸಹಿಸುತ್ತದೆ. ವೆಲ್ಡ್ ಮಾಡಿದ ಅಲ್ಯೂಮಿನಿಯಂ ಸಹಿಸುವುದಿಲ್ಲ. ಬ್ರಾಕೆಟ್ ಟ್ಯಾಂಕಿಗೆ ಸೇರುವ ಮೂಲೆಯಲ್ಲಿ ಕೂದಲಿನಷ್ಟು ಸೀಳು, ಅಲ್ಲಿಂದ ಪಿಚಕಾರಿ. ಜೊತೆಗಿದ್ದ ಎಪಾಕ್ಸಿ ಕಲೆಸಿ ಮೆತ್ತಿದೆ. ಒತ್ತಡ ಏರಿದ ಕೂಡಲೇ ಉದುರಿತು. ಹಳೇದಾಗಿದ್ದರೆ ಸಕಲೇಶಪುರದಲ್ಲೇ ಬೆಸುಗೆಯವರು ಗ್ಯಾಸ್ ಹಚ್ಚಿ ಹತ್ತು ನಿಮಿಷದಲ್ಲಿ ಮುಚ್ಚುತ್ತಿದ್ದರು. ಇದನ್ನು ನೋಡಿ ಅವರು ಕೈ ಮುಗಿದರು. ಅಲ್ಯೂಮಿನಿಯಂ ಬೆಸೆಯುವ ಟಿಗ್ ವೆಲ್ಡಿಂಗಿಗೆ ಹಾಸನಕ್ಕೆ ಹೊತ್ತುಕೊಂಡು ಹೋದೆ. ಜೀಪು ಮೂರು ದಿನ ಕಾಡಂಚಿನಲ್ಲಿ.

ತಪ್ಪು ರೇಡಿಯೇಟರಿನದಲ್ಲ, ನನ್ನದು. ಎರಡನೇ ಸಲ ಹೀಗೆ ಮಾಡಿದೆ. ನೀವೂ ಹೀಗೇ ಮಾಡಿ.

ಹೊಸದು ಬಂದ ಕೂಡಲೇ ಹಳೇದನ್ನು ಇಳಿಸಿ ನೆಲದ ಮೇಲೆ ಎರಡನ್ನೂ ಪಕ್ಕಪಕ್ಕ ಮಲಗಿಸಿ. ಮೇಲಿನ ಹೋಸ್, ಕೆಳಗಿನ ಹೋಸ್ ಬಾಯಿ ಎತ್ತ ಇವೆ, ಅಳತೆ ಒಂದೇನಾ, ಕೆಳಗಿನ ಡ್ರೈನ್ ಎಲ್ಲಿದೆ, ಕೋರಿನ ದಪ್ಪ ಎಷ್ಟು, ಟೇಪ್ ಹಿಡಿದೇ ನೋಡಿ. ಹೊಂದದಿದ್ದರೆ ಆವತ್ತೇ ವಾಪಸ್ ಕಳಿಸಿ. ಎಳೆದು ಕೂರಿಸಲು ಹೋಗಬೇಡಿ. ದಪ್ಪ ಜಾಸ್ತಿ ಇದ್ದರೆ ಫ್ಯಾನಿಗೂ ಕೋರಿಗೂ ನಡುವಿನ ಸಂದಿ ಕಮ್ಮಿಯಾಗುತ್ತದೆ. ಎರಡು ಬೆರಳು ಒಳಗೆ ಹೋಗಬೇಕು, ಅಂದರೆ ಇಂಚಿಗೆ ಮೇಲೆ. ಯಾಕೆ ಅಂದರೆ ಇಂಜಿನ್ ಮೌಂಟಿಂಗ್ ರಬ್ಬರ್ ಸವೆದ ಜೀಪು ಬ್ರೇಕ್ ಹಾಕಿದಾಗ ಇಂಜಿನ್ ಮುಂದೆ ವಾಲುತ್ತದೆ, ಫ್ಯಾನ್ ಹೋಗಿ ಕೋರ್ ಕೆತ್ತುತ್ತದೆ. ಮೌಂಟಿಂಗ್ ಹಳೇದಾದರೆ ಮೊದಲು ಅದನ್ನು ಬದಲಿಸಿ. ಫ್ಯಾನ್ ಶ್ರೌಡಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇರಲಿ.

ರೆಕ್ಕೆ ಎಷ್ಟು ಒತ್ತೊತ್ತಾಗಿದೆ ಅಂತಲೂ ನೋಡಿ. ಒತ್ತಾದಷ್ಟೂ ಒಳ್ಳೇದು ಅಂತ ಮಾರುವವರು ಹೇಳುತ್ತಾರೆ, ಹೈವೇಗೆ ನಿಜ. ತೋಟದಲ್ಲಿ ಲೋ ಗೇರಿನಲ್ಲಿ ತೆವಳುವ ಜೀಪಿಗೆ ಎದುರು ಗಾಳಿಯೇ ಇಲ್ಲ, ಫ್ಯಾನ್ ಎಳೆದದ್ದಷ್ಟೇ. ಒತ್ತು ರೆಕ್ಕೆಯಲ್ಲಿ ಆ ಗಾಳಿಯೂ ನುಗ್ಗುವುದಿಲ್ಲ, ಕೆಸರು ಮಾತ್ರ ನುಗ್ಗುತ್ತದೆ. ಸ್ವಲ್ಪ ವಿರಳವಾಗಿರುವುದೇ ನಮಗೆ ಲೇಸು.

ಕೂರಿಸುವಾಗ ಒಂದು ರಟ್ಟನ್ನು ಕೋರಿನ ಅಳತೆಗೆ ಕತ್ತರಿಸಿ ಫ್ಯಾನಿನ ಕಡೆ ಇಟ್ಟುಕೊಳ್ಳಿ. ಸ್ಪ್ಯಾನರ್ ಜಾರಿದರೆ ರಟ್ಟಿಗೆ ಬೀಳಲಿ. ಕೆಳಗೆ ದಪ್ಪ ರಬ್ಬರಿನ ಮೇಲೆ ಭಾರ ಕೂರಬೇಕು. ಮೇಲಿನ ಬೋಲ್ಟುಗಳಿಗೆ ರಬ್ಬರ್ ಬುಷ್, ಬುಷ್ಷಿನ ಒಳಗೆ ಉಕ್ಕಿನ ಸ್ಲೀವ್, ಆಗ ನಟ್ ಎಷ್ಟು ಬಿಗಿದರೂ ರಬ್ಬರ್ ಜಜ್ಜುವುದಿಲ್ಲ. ಎಲ್ಲ ಕೂರಿಸಿದ ಮೇಲೆ ಕೈಯಲ್ಲಿ ಹಿಡಿದು ಅಲುಗಿಸಿ. ಸ್ವಲ್ಪ ಅಲುಗಬೇಕು. ಅಲುಗದಿದ್ದರೆ ನನ್ನ ಬಿಸ್ಲೆ ಕಥೆ ಮತ್ತೊಮ್ಮೆ ಓದಿ.

ರಬ್ಬರಿನಿಂದ ಇನ್ನೊಂದು ಲಾಭ, ಕರೆಂಟು. ಹಳೇ ಜೀಪುಗಳಲ್ಲಿ ಅರ್ತ್ ಪಟ್ಟಿ ತುಕ್ಕು ಹಿಡಿದಿರುತ್ತದೆ. ಇಂಜಿನಿನಿಂದ ಬ್ಯಾಟರಿಗೆ ವಾಪಸ್ ಹೋಗುವ ಕರೆಂಟು ದಾರಿ ಸಿಗದೆ ಕೂಲೆಂಟಿನ ಮೂಲಕ ರೇಡಿಯೇಟರಿಗೆ ನುಗ್ಗುತ್ತದೆ. ಅಲ್ಯೂಮಿನಿಯಂ ಇದನ್ನು ತಡೆಯುವುದಿಲ್ಲ, ಒಳಗಿಂದ ಸೂಜಿಮೊನೆಯಂಥ ತೂತು ಬೀಳುತ್ತವೆ. ಹಾಗಾಗಿ ರೇಡಿಯೇಟರಿಗೆ ಯಾವ ವೈರೂ ಅರ್ತ್ ಮಾಡಬೇಡಿ. ಮಲ್ಟಿಮೀಟರ್ ಇದ್ದರೆ ನೋಡಿಕೊಳ್ಳಬಹುದು. ಇಂಜಿನ್ ತಣ್ಣಗಿರುವಾಗ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಕ್ಯಾಪ್ ಬಾಯಿಂದ ಕೂಲೆಂಟಿಗೆ. ಲೋಹ ಮುಟ್ಟಬಾರದು, ನೀರು ಮಾತ್ರ ಮುಟ್ಟಬೇಕು. ಹೆಡ್‌ಲೈಟ್ ಹಾಕಿ, ಒಬ್ಬರು ಸೆಲ್ಫ್ ಹೊಡೆಯಲಿ. 0.1 ವೋಲ್ಟಿನೊಳಗಿದ್ದರೆ ನೆಮ್ಮದಿ. 0.3 ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ, ಪೇಂಟು ಕೆರೆದು, ಹೊಸದು ಹಾಕಿ.

ನೀರಿನ ವಿಷಯದಲ್ಲಿ ಜಗ್ಗಬೇಡಿ. ಹಳ್ಳದ ನೀರು ಎಷ್ಟೇ ತಿಳಿಯಾಗಿರಲಿ, ಅದರಲ್ಲಿ ತುಕ್ಕು ತಡೆಯುವ ಔಷಧಿ ಇಲ್ಲ. ಅಲ್ಯೂಮಿನಿಯಮ್ಮಿಗೆ ಹೊಂದುವ ಕೂಲೆಂಟ್, ಅರ್ಧಕ್ಕರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ಬೆರೆಸಬೇಡಿ. ಹಸಿರೂ ಕೆಂಪೂ ಕೂಡಿಸಿ ಒಳಗೆ ಗಂಜಿಯಾದದ್ದು ನೋಡಿದ್ದೇನೆ. ಹೊಸದು ತುಂಬುವ ಮೊದಲು ಇಂಜಿನಿನೊಳಗಿನ ಕೆಂಪು ನೀರು ಪೂರ್ತಿ ಹೋಗುವ ತನಕ ತೊಳೆಯಿರಿ, ಇಲ್ಲದಿದ್ದರೆ ಮೂವತ್ತು ವರ್ಷದ ತುಕ್ಕೆಲ್ಲ ಹೊಸ ಕೋರಿನಲ್ಲಿ ಬಂದು ಕೂರುತ್ತದೆ. ತುಂಬುವಾಗ ಜೀಪಿನ ಮೂತಿ ಏರಿನ ಕಡೆ ಇರಲಿ. ಕ್ಯಾಪ್ ತೆಗೆದು ಐಡಲಿನಲ್ಲಿ ಬಿಡಿ, ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಲ್ಲುವ ತನಕ ಕಾಯಿರಿ, ಇಳಿದಷ್ಟು ತುಂಬಿ.

ಹೊಸದರ ಜೊತೆ 13 ಅಥವಾ ಅದಕ್ಕೂ ಮೇಲಿನ ಪಿಎಸ್‌ಐ ಕ್ಯಾಪ್ ಕೊಟ್ಟಿರಬಹುದು. ಕಣ್ಣುಮುಚ್ಚಿ ಹಾಕಬೇಡಿ. ರೇಡಿಯೇಟರ್ ತಡೆಯುತ್ತದೆ, ನಿಮ್ಮ ಹಳೇ ಹೋಸು, ವಾಟರ್ ಪಂಪ್ ಸೀಲ್ ತಡೆಯಬೇಕಲ್ಲ. ಹಳೇ ಕ್ಯಾಪಿನ ಮೇಲೆ ಏನು ಬರೆದಿದೆಯೋ ಅದೇ ಇರಲಿ.

ಇನ್ನು ನನ್ನ ಅಭಿಪ್ರಾಯ ಕೇಳಿದರೆ: ದಿನಾ ತೋಟದಲ್ಲಿ ದುಡಿಯುವ ಜೀಪು, ಓಡಿಸುವವರು ನಾಲ್ಕು ಜನ, ರಿಪೇರಿ ಮಾಡುವವರು ಪಕ್ಕದ ಪೇಟೆಯವರು ಅಂದರೆ ನಾನು ತಾಮ್ರದ ಕೋರನ್ನೇ ಹೊಸದಾಗಿ ಕಟ್ಟಿಸುತ್ತೇನೆ. ಹಳೇ ಹಿತ್ತಾಳೆ ಟ್ಯಾಂಕ್ ಉಳಿಸಿಕೊಂಡು ನಡುವಿನ ಕೋರ್ ಮಾತ್ರ ಬದಲು, ಜಾಗ ಇದ್ದರೆ ಒಂದು ಸಾಲು ಜಾಸ್ತಿ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿ, ಕೋರ್ ಸಿಗುತ್ತದೆ. ಮಗನೇ ಓಡಿಸುತ್ತಾನೆ, ಕೂಲೆಂಟ್ ಲೆಕ್ಕ ಇಡುತ್ತಾನೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ ಅಂದರೆ ಅಲ್ಯೂಮಿನಿಯಂ ಹಾಕಿ, ಖುಷಿಯಾಗಿರಿ. ನನ್ನ ಜೀಪಿನಲ್ಲಿ ಈಗಲೂ ಅದೇ ಇದೆ.

ಎರಡರಲ್ಲಿ ಯಾವುದಾದರೂ ಸರಿ, ಘಾಟಿಯಲ್ಲಿ ಗೇರ್ ಇಳಿಸಿ. ಟಾಪ್ ಗೇರಿನಲ್ಲಿ ಉಸಿರುಗಟ್ಟಿ ಹತ್ತಿಸಿದರೆ ಪಂಪೂ ನಿಧಾನ, ಫ್ಯಾನೂ ನಿಧಾನ. ನಿಮ್ಮಪ್ಪ ಹೀಗೆ ಓಡಿಸುತ್ತಿರಲಿಲ್ಲ ಅಂತ ನನ್ನ ಅನುಮಾನ.

ಪ್ರಶ್ನೆ: ರೇಡಿಯೇಟರ್ ಸೋರುತ್ತಿದ್ದಾಗ ನಮ್ಮ ಡ್ರೈವರ್ ಒಂದು ಹಿಡಿ ಅರಿಶಿನ ಪುಡಿ ಹಾಕಿದ. ನಿಂತಿತು! ಬೊಲೆರೋ ಫೋರ್ ವೀಲ್, ಅದರದ್ದೂ ಅಲ್ಯೂಮಿನಿಯಂ ಕೋರ್. ಹಾಗೇ ಬಿಡಬಹುದಾ?
— ದಾಂಡೇಲಿಯಿಂದ ಓದುಗರು

ಉತ್ತರ: ಲಾರಿ ಡ್ರೈವರುಗಳ ಹಳೇ ಔಷಧಿ. ಪುಡಿ ಹೋಗಿ ಸಣ್ಣ ತೂತಿನಲ್ಲಿ ಉಬ್ಬಿ ಕೂರುತ್ತದೆ. ಕಾಡಿನ ನಡುವೆ ನಿಂತಾಗ ಮನೆ ಸೇರಲು ನಾನೂ ಹಾಕಿಯೇನು. ಆದರೆ ಅದಕ್ಕೆ ತೂತು ಯಾವುದು, ಟ್ಯೂಬು ಯಾವುದು ಅಂತ ಗೊತ್ತಾಗುವುದಿಲ್ಲ. ಸಂದಿ ಸಿಕ್ಕಲ್ಲೆಲ್ಲ ಕೂರುತ್ತದೆ. ಈ ವಾರವೇ ಇಳಿಸಿ, ಎರಡೂ ಕಡೆಯಿಂದ ನೀರು ಬಿಟ್ಟು ಹಳದಿ ಹೋಗುವ ತನಕ ತೊಳೆಯಿರಿ. ನಿಮ್ಮ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಇದ್ದು, ಸೋರುತ್ತಿರುವುದು ಪ್ಲಾಸ್ಟಿಕ್ಕು-ಲೋಹ ಸೇರುವ ಅಂಚಿನಲ್ಲಿ ಅಂದರೆ ಅದನ್ನು ವೆಲ್ಡ್ ಮಾಡಲು ಬರುವುದಿಲ್ಲ. ಒಳಗಿನ ರಬ್ಬರ್ ಗ್ಯಾಸ್ಕೆಟ್ ಬದಲಿಸಿ ಅಂಚು ಮತ್ತೆ ಮಡಚಬೇಕು, ಇಲ್ಲವೇ ಪೂರ್ತಿ ಹೊಸದು.

ಪ್ರಶ್ನೆ: ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದರೆ ಆರ್‌ಟಿಒದಲ್ಲಿ ತೊಂದರೆ ಆಗುತ್ತದಾ? ನಮ್ಮ ಜೀಪು ಎಫ್‌ಸಿಗೆ ಬಂದಿದೆ.
— ಮಡಿಕೇರಿಯಿಂದ ಓದುಗರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು. ರೇಡಿಯೇಟರ್ ಯಾವ ಲೋಹದ್ದು ಅಂತ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಅದನ್ನು ಕೂರಿಸಲು ಗ್ರಿಲ್ ಕತ್ತರಿಸುವುದು, ಫ್ರೇಮ್ ಕೊಯ್ಯುವುದು ಮಾಡಿದ್ದರೆ ಮಾತು ಬೇರೆ. ಎಫ್‌ಸಿಗೆ ಹೋಗುವ ಮುಂಚೆ ಕೆಳಗೆ ಬಗ್ಗಿ ಒಂದು ಹನಿ ನೀರೂ ಬೀಳುತ್ತಿಲ್ಲ ಅಂತ ನೋಡಿಕೊಳ್ಳಿ, ಹಾರ್ನ್ ಮತ್ತು ಇಂಡಿಕೇಟರ್ ಕೂಡ.